ಬೈಂಡರ್ ಕಟ್ಟಿದ ಎಲೆಕಿರೀಟ

"ನೂರು ವರ್ಷ ಬಾಳೋ ಹಾಗೆ ಪುಸ್ತಕ ಕಟ್ಟೋ ಕೈ ಕಣೇ ಇದು! ಯಃಕಶ್ಚಿತ್ ಒಂದು ಎಲೆಕಿರೀಟ ಮಾಡೋಕೆ ಆಗಲ್ವಾ?"

ಭಾನುವಾರ ಬೆಳಿಗ್ಗೆ ಬೈಂಡರ್ ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ, ಅವನ ಹೆಂಡತಿ ಕನ್ನಡಿಯ ಮುಂದೆ ತುರುಬಿಗೆ ಪಿನ್ನು ಚುಚ್ಚುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಭಾನುವಾರವೂ ಡ್ಯೂಟಿ.

"ಆಗತ್ತೆ ರೀ. ಆದ್ರೆ ನೂರು ವರ್ಷ ಬೇಡ. ನಾಳೆ ಮಧ್ಯಾಹ್ನದವರೆಗೆ ಬಾಳಿದ್ರೆ ಸಾಕು. ಎಲೆಗಳನ್ನ ದಾರದಲ್ಲಿ ಪೋಣಿಸಿ ಗಂಟು ಹಾಕಿ, ಐದು ನಿಮಿಷದ ಕೆಲಸ."

"ದಾರವಂತೆ, ಗಂಟಂತೆ! ನೀನು ನಿನ್ನ ರೋಗಿಗಳನ್ನ ನೋಡ್ಕೋ ಹೋಗು!"

ಎಲೆ ಉದುರುವ ಕಾಲ. ಸೋಮವಾರ ಮಕ್ಕಳೆಲ್ಲ ಒಣಎಲೆಯ ಕಿರೀಟ ಹಾಕಿಕೊಂಡು ಬರಬೇಕು, ಮನೆಯವರು ಸ್ವಲ್ಪ ಸಹಾಯ ಮಾಡಬಹುದು ಎಂದು ಶಿಶುವಿಹಾರದ ಟೀಚರ್ ಚೀಟಿ ಕಳಿಸಿದ್ದರು. 'ಸ್ವಲ್ಪ' ಎಂಬುದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು.

ಐದು ವರ್ಷದ ಮಗಳು, ಎಲ್ಲರ ಬಾಯಲ್ಲೂ 'ಮರಿ', ಆ ಚೀಟಿಯನ್ನು ತಂದು ನೇರವಾಗಿ ಅಮ್ಮನ ಕೈಗೆ ಕೊಟ್ಟಿದ್ದಳು. ಅಪ್ಪ ಪಕ್ಕದಲ್ಲೇ ಕೂತಿದ್ದ! ಬೈಂಡರಿಗೆ ಚುರುಕ್ಕೆಂದದ್ದು ಅಲ್ಲೇ. ಊರಿನ ಹರಿದ ಪುಸ್ತಕಗಳೆಲ್ಲ ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಸ್ವಂತ ಮಗಳ ಹರಿದ ಚಿತ್ರಪುಸ್ತಕ ಮಾತ್ರ ಅಮ್ಮನ ಹತ್ತಿರ ಹೋಗುತ್ತಿತ್ತು. ತಪ್ಪು ಮಗಳದ್ದಲ್ಲ. ಹಿಂದೊಮ್ಮೆ ಅಪ್ಪನಿಗೆ ಕೊಟ್ಟಿದ್ದಳು. ಅವನು ಹಾಳೆ ಹಾಳೆ ಬಿಡಿಸಿ, ಹೊಲಿದು, ರಟ್ಟು ಕಟ್ಟಿ, ಬೆನ್ನಿಗೆ ಬಟ್ಟೆ ಅಂಟಿಸಿ ವಾಪಸು ಕೊಡುವಷ್ಟರಲ್ಲಿ ಅವಳು ಆ ಪುಸ್ತಕದ ವಯಸ್ಸನ್ನೇ ದಾಟಿದ್ದಳು.

'ಇದನ್ನ ನಮ್ಮಪ್ಪ ಮಾಡಿದ್ದು.' ಈ ಒಂದು ಮಾತು ಮಗಳ ಬಾಯಿಂದ, ನಾಲ್ಕು ಜನರ ಎದುರಿಗೆ ಕೇಳಬೇಕು. ಬೈಂಡರಿಗೆ ಬೇಕಿದ್ದದ್ದು ಅಷ್ಟೇ.

ಅಪ್ಪ ಮಗಳು ಪಾರ್ಕಿಗೆ ಹೋಗಿ ಒಂದು ಚೀಲ ಎಲೆ ತಂದರು. ಅಪ್ಪ ಸ್ಕೇಲಿಟ್ಟು ಅಳೆದು, ಒಂದೇ ಅಳತೆಯ ಇಪ್ಪತ್ತನಾಲ್ಕು ಎಲೆ ಆರಿಸಿದ. ಉಳಿದವು ಮೂಲೆಗೆ ಬಿದ್ದವು.

"ಅಪ್ಪಾ, ಇದು ಬೇಕು. ಇದರಲ್ಲಿ ಹುಳ ಊಟ ಮಾಡಿದೆ."

"ತೂತಿನ ಎಲೆ ಕಿರೀಟಕ್ಕೆ ಶೋಭೆಯಲ್ಲ ಮರಿ. ಎಸಿ."

ಮರಿ ಎಸೆಯಲಿಲ್ಲ. ಫ್ರಾಕಿನ ಜೇಬಿಗೆ ಇಳಿಸಿದಳು.

ಆಮೇಲೆ ತಲೆಯ ಅಳತೆ. ಮರಿ ನಿಂತಲ್ಲಿ ನಿಲ್ಲುವ ಪೈಕಿಯಲ್ಲ. ಟೇಪು ಒಮ್ಮೆ ಹಣೆಗೆ, ಒಮ್ಮೆ ಮೂಗಿಗೆ, ಒಮ್ಮೆ ಕಿವಿಗೆ ಬಿತ್ತು. ಹೋಗಲಿ ಎಂದು ಬೈಂಡರ್ ತನ್ನ ಕಸುಬಿನ ಮೊದಲ ಪಾಠವನ್ನು ನೆನೆದ: ಯಾವುದನ್ನೇ ಕತ್ತರಿಸು, ಅಂಚಿಗೆ ಒಂದಷ್ಟು ಹೆಚ್ಚಿಗೆ ಬಿಡು, ಕೊನೆಯಲ್ಲಿ ಒಪ್ಪ ಮಾಡಬಹುದು. ರಟ್ಟಿನ ಪಟ್ಟಿಗೆ ಈ ಕಡೆ ಎರಡು ಬೆರಳು, ಆ ಕಡೆ ಎರಡು ಬೆರಳು ಹೆಚ್ಚಿಗೆ ಬಿಟ್ಟ. ಅದರ ಒಳಮೈಗೆ ಬೈಂಡಿಂಗ್ ಬಟ್ಟೆ, ಹೊರಮೈಗೆ ಎಲೆ. ಎಲ್ಲದಕ್ಕೂ ಬಿಸಿಬಿಸಿ ಸರೇಸು, ಧಾರಾಳವಾಗಿ! "ನನ್ನ ಸರೇಸು ಹಿಡಿದದ್ದನ್ನ ಬಿಡೋದಿಲ್ಲ ಸ್ವಾಮಿ" ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ ಅಂಟು ಅದು.

ಇನ್ನು ಕಸುಬಿನ ಎರಡನೇ ಪಾಠ: ಅಂಟಿಸಿದ್ದು ಯಾವ ಆಕಾರದಲ್ಲಿ ಇರಬೇಕೋ ಅದೇ ಆಕಾರದಲ್ಲಿ, ಬಿಗಿಯಾಗಿ ಕಟ್ಟಿ ಒಣಗಿಸಬೇಕು. ಕಿರೀಟಕ್ಕೆ ತಲೆಯ ಆಕಾರ ಬೇಕು. ಅಡುಗೆಮನೆಯ ಪಾತ್ರೆಗಳಲ್ಲಿ ಒಂದು ಸಣ್ಣದಾಯಿತು, ಒಂದು ದೊಡ್ಡದಾಯಿತು.

"ಮರಿ, ಒಂದು ಗಂಟೆ ಅಲ್ಲಾಡದೆ ಕೂತ್ಕೋತೀಯಾ?"

"ಉಚ್ಚೆ ಬಂದ್ರೆ?"

ಪ್ರಶ್ನೆ ನ್ಯಾಯವಾದದ್ದೇ. ಬೈಂಡರ್ ಕಿರೀಟವನ್ನು ತನ್ನ ತಲೆಗೇ ಇಟ್ಟುಕೊಂಡು, ಸುತ್ತ ದಾರ ಬಿಗಿದು, ಆರಾಮಕುರ್ಚಿಯಲ್ಲಿ ಮಹಾರಾಜನಂತೆ ಆಸೀನನಾದ. ಹೊಟ್ಟೆಯಲ್ಲಿ ಮಧ್ಯಾಹ್ನದ ಊಟ, ಕಿಟಕಿಯಲ್ಲಿ ತಂಗಾಳಿ. ಮಹಾರಾಜರು ಗೊರಕೆ ಹೊಡೆದರು.

"ಏನ್ರೀ ಅದು ತಲೆ ಮೇಲೆ?"

ಕಣ್ಣು ಬಿಟ್ಟರೆ ನಾಲ್ಕು ಗಂಟೆ, ಎದುರಿಗೆ ಹೆಂಡತಿ.

"ಕಿರೀಟ! ಹೇಗಿದೆ?"

"ಚೆನ್ನಾಗಿದೆ. ತೆಗೀರಿ ನೋಡೋಣ."

ಬೈಂಡರ್ ದಾರ ಬಿಚ್ಚಿ ಎತ್ತಿದ. ಕಿರೀಟ ಏಳಲಿಲ್ಲ, ಹುಬ್ಬುಗಳು ಎದ್ದವು! ಸರೇಸು ಬಟ್ಟೆಯೊಳಗಿಂದ ಇಳಿದು ಕೂದಲನ್ನು ಹಿಡಿದಿತ್ತು. ಹಿಡಿದದ್ದನ್ನು ಅದು ಬಿಡುವುದುಂಟೇ!

"ಬಿಸಿನೀರು ಹಾಕಿದ್ರೆ ಬಿಡತ್ತಾ?" ಎಂದಳು ಹೆಂಡತಿ, ವಾರ್ಡಿನ ದನಿಯಲ್ಲಿ.

"ಬಿಡತ್ತೆ. ರಟ್ಟು ಗಂಜಿಯಾಗತ್ತೆ, ಎಲೆಗಳೂ ಹೋಗತ್ತೆ."

"ಹಾಗಾದ್ರೆ ಕಿರೀಟ ಬೇಕೋ, ಕೂದಲು ಬೇಕೋ ಹೇಳಿ."

ಬಾಗಿಲ ಹತ್ತಿರ ನಿಂತಿದ್ದ ಮರಿ ಓಡಿಬಂದಳು. "ಅಮ್ಮಾ, ಅಪ್ಪನ ಕಿರೀಟ ಕೆಡಿಸ್ಬೇಡ..."

ಅಪ್ಪನ ಕಿರೀಟ! ಬೈಂಡರಿಗೆ ಕೇಳಿಸಿದ್ದು ಅಷ್ಟೇ. ಇದಕ್ಕಿಂತ ಇನ್ನೇನು ಬೇಕು? "ಕತ್ತರಿಸು! ಕೂದಲನ್ನೇ ಕತ್ತರಿಸು!" ಎಂದು ರಣರಂಗಕ್ಕೆ ಹೊರಟವನಂತೆ ತಲೆ ಬಗ್ಗಿಸಿದ.

ಹೆಂಡತಿ ಡ್ರೆಸಿಂಗ್ ಕತ್ತರಿ ತಂದಳು. ಗಾಯಕ್ಕೆ ಅಂಟಿದ ಪಟ್ಟಿಗಳನ್ನು ದಿನಾ ಬಿಡಿಸುವ ಕೈ, ಅವಸರವೇ ಇಲ್ಲ.

"ತುಂಬಾ ಹೋಯ್ತೇನೇ?"

"ರೋಗಿಗಳು ಮಾತಾಡಬಾರದು."

ಅರ್ಧ ಗಂಟೆಗೆ ಕಿರೀಟ ಕೈಗೆ ಬಂತು. ಒಂದು ಎಲೆಯೂ ಮುಕ್ಕಾಗಿರಲಿಲ್ಲ, ಒಳಗಡೆ ಕೂದಲಿನ ಮೆತ್ತೆ ಬೇರೆ! ಬೈಂಡರಿನ ತಲೆಯಲ್ಲಿ ಮಾತ್ರ ಮೇಲೊಂದು ಪೊದೆ, ಕೆಳಗೊಂದು ಬೇಲಿ, ನಡುವೆ ಸುತ್ತಲೂ ಖಾಲಿ ರಸ್ತೆ. ಅವನು ಅದನ್ನು ಲೆಕ್ಕಿಸದೆ ಕಿರೀಟವನ್ನು ಎರಡು ಕೈಯಲ್ಲಿ ಎತ್ತಿ ಮಗಳ ತಲೆಗಿಟ್ಟ.

ಕಿರೀಟ ಹಣೆ ದಾಟಿತು, ಮೂಗು ದಾಟಿತು, ಹೆಗಲ ಮೇಲೆ ಹೋಗಿ ಕೂತಿತು.

"ಅಂಚಿಗೆ ಸ್ವಲ್ಪ ಹೆಚ್ಚಿಗೆ ಬಿಟ್ಟಿದ್ದೆ" ಎಂದ ಬೈಂಡರ್ ಸಣ್ಣ ದನಿಯಲ್ಲಿ. ಕತ್ತರಿ ಹಾಕಿ ನೋಡಿದ. ಸರೇಸು ಕುಡಿದ ರಟ್ಟು ಹಲಗೆಯಾಗಿತ್ತು. "ಮರಿ, ನಾಳೆ ನಿನಗೆ ಕಿರೀಟ ಇಲ್ವಲ್ಲೋ..." ಎಂದು ಕತ್ತರಿ ಕೆಳಗಿಟ್ಟ.

"ನಂದು ಇದೆಯಲ್ಲಾ!" ಮರಿ ಮಂಚದ ಕೆಳಗೆ ನುಗ್ಗಿ ಹೊರಬಂದಳು. ಬೈಂಡಿಂಗ್ ದಾರದಲ್ಲಿ ಅಡ್ಡಾದಿಡ್ಡಿ ಪೋಣಿಸಿದ ಎಲೆಗಳು, ನಟ್ಟನಡುವೆ ಹುಳ ಊಟ ಮಾಡಿದ ಎಲೆ. "ನೀನು ನಿದ್ದೆ ಮಾಡ್ತಿದ್ದಾಗ ಮಾಡ್ಕೊಂಡೆ. ಅದು ನಿಂದಲ್ವಾ? ನೀನೇ ಹಾಕ್ಕೊಂಡಿದ್ದೆಯಲ್ಲ!"

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು.

ಸೋಮವಾರ ಮಗಳನ್ನು ಶಾಲೆಗೆ ಬಿಡುವ ಪಾಳಿ ಬೈಂಡರಿನದೇ. ಮನೆಯ ಟೋಪಿಗಳನ್ನೆಲ್ಲ ಹಾಕಿ ನೋಡಿದ. ಆ ಖಾಲಿ ರಸ್ತೆಯನ್ನು ಕರಾರುವಾಕ್ಕಾಗಿ ಮುಚ್ಚುವ ವಸ್ತು ಮನೆಯಲ್ಲಿ ಇದ್ದದ್ದು ಒಂದೇ.

ಗೇಟಿನಲ್ಲಿ ನಿಂತಿದ್ದ ಟೀಚರ್ ಮಗಳ ಕಿರೀಟ ನೋಡಿದರು, ಅಪ್ಪನ ಕಿರೀಟ ನೋಡಿದರು. "ಅಬ್ಬಾ, ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು?"

"ನಂದು ನಾನೇ ಮಾಡಿದ್ದು ಮಿಸ್. ಇದನ್ನ ನಮ್ಮಪ್ಪ ಮಾಡಿದ್ದು!"

ಸುತ್ತ ಹತ್ತು ಜನ ಅಪ್ಪ ಅಮ್ಮಂದಿರು ತಿರುಗಿ ನೋಡಿದರು. ಬೈಂಡರಿನ ಎದೆ ಉಬ್ಬಿತು, ಕಣ್ಣು ತುಂಬಿತು.

ಮರಿ ಅವನ ಅಂಗಿ ಜಗ್ಗಿದಳು. "ಅದರ ಕೆಳಗೆ ಮಾಡಿರೋದು ಇನ್ನೂ ಚೆನ್ನಾಗಿದೆ ಮಿಸ್! ಅಪ್ಪಾ, ಕಿರೀಟ ತೆಗೆದು ತೋರ್ಸು!"