ಹುಕ್ಕೇರಿಗೆ ಹೋದ ಉಕ್ಕಿನ ಉಂಡಿ

ಈ ಸಲ ನಮ್ಮ ಮನೆಯ ಅಂಟಿನ ಉಂಡಿ ಹುಕ್ಕೇರಿ ಮುಟ್ಟುವ ತನಕ ಒಂದು ಚೂರೂ ಉದುರುವುದಿಲ್ಲ, ಉದುರಿದರೆ ನಾನು ಮಟೀರಿಯಲ್ ಸೈನ್ಸ್ ಕಲಿಸುವುದನ್ನೇ ಬಿಡುತ್ತೇನೆ ಎಂದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಘೋಷಿಸಿದೆ. ಹೆಂಡತಿ ಅನ್ನಪೂರ್ಣಾ ಉತ್ತತ್ತಿಯ ಬೀಜ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ಬಿಟ್ರ ಡಿಪ್ಲೊಮಾ ಹುಡುಗೂರು ಪಾಸರ ಆಗ್ತಾವ. ಉಂಡಿ ಸುದ್ದಿಗೆ ಮಾತ್ರ ಬರಬ್ಯಾಡ್ರಿ," ಎಂದಳು.

ನನ್ನ ಶಪಥಕ್ಕೆ ಕಾರಣವಿತ್ತು. ತಂಗಿ ಅರ್ಚನಾಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಅವಳ ದೊಡ್ಡ ಮಗಳ ತೊಟ್ಟಿಲ ಕಾರ್ಯಕ್ಕೆ ಅನ್ನಪೂರ್ಣಾ ಬಾಯಲ್ಲಿಟ್ಟರೆ ಕರಗುವಂಥ ಉಂಡಿ ಕಟ್ಟಿದ್ದಳು. ಅವು ಬಾಯಿಗಿಂತ ಮೊದಲು ಬಸ್ಸಿನಲ್ಲೇ ಕರಗಿದವು. ನಮ್ಮ ಗೋಕಾಕದಿಂದ ಹುಕ್ಕೇರಿಗೆ ಹೋಗುವ ರಸ್ತೆಯ ತಗ್ಗುಗಳು ಡಬ್ಬಿಯನ್ನು ಎಷ್ಟು ಕುಣಿಸಿದವೆಂದರೆ ಒಳಗೆ ಉಳಿದದ್ದು ಬರೀ ಪುಡಿ. ಅರ್ಚನಾಳ ಅತ್ತೆ ಕಾಶೆವ್ವ ನೆರೆದ ಬೀಗರ ಮುಂದೆ ಮುಚ್ಚಳ ತೆಗೆದು, "ಉಂಡಿ ಅಂದ್ರಿ, ಇದು ಉಸುಕು ಇದ್ದಂಗ ಐತಲ್ರಿ. ಘಟಪ್ರಭಾ ಹೊಳ್ಯಾಗ ಇಳದು ಬಂದ್ರೇನು?" ಎಂದಿದ್ದರು. ಬಾಣಂತಿಗೆ ಒಯ್ಯುವ ಉಂಡಿಯೆಂದರೆ ತವರಿನ ಮಾನ. ಅನ್ನಪೂರ್ಣಾ ಅವತ್ತು ಹೋಳಿಗೆಯ ಊಟವನ್ನು ಮುಟ್ಟದೆ ಎದ್ದಿದ್ದಳು. ಈಗ ಅರ್ಚನಾಳಿಗೆ ಗಂಡುಮಗು. ಮತ್ತೆ ತೊಟ್ಟಿಲು, ಮತ್ತೆ ಡಬ್ಬಿ, ಮತ್ತೆ ಅದೇ ಕಾಶೆವ್ವ.

"ಇಲ್ನೋಡು," ಎಂದು ನಾನು ಪಾಠಕ್ಕೆ ನಿಂತೆ. "ಬೆಲ್ಲದ ಪಾಕ ಅಂದ್ರ ಸಿಮೆಂಟು. ಗೋಡಂಬಿ, ಬದಾಮಿ ಜಲ್ಲಿ. ಕೊಬ್ಬರಿ ಎಳಿ ಅಂದ್ರ ಕಬ್ಬಿಣದ ಸಳಿ. ಕಳದ ಸಲ ನಿನ್ನ ಸಿಮೆಂಟು ಹದಾ ಇದ್ದಿಲ್ಲ."

"ಅದು ಬಾಣಂತಿ ತಿನ್ನೂದ್ರಿ. ಸ್ಲ್ಯಾಬ್ ಹಾಕೂದಲ್ಲ."

ಆದರೆ ವಿಧಿ ನನ್ನ ಕಡೆಗಿತ್ತು. ಕೂಸಿಗೆ ಕೊಡಬೇಕಾದ ಕುಂಚಿಗಿ, ಅಂದರೆ ಬೆನ್ನಿನ ತನಕ ಇಳಿಯುವ ಟೊಪ್ಪಿಗೆ, ಇನ್ನೂ ದರ್ಜಿಯ ಬಳಿಯೇ ಇತ್ತು. ಅದನ್ನು ತರಲು ಹೊರಟ ಅನ್ನಪೂರ್ಣಾ ಬೆಲ್ಲವನ್ನು ಒಲೆಯ ಮೇಲಿಟ್ಟು, "ಕರಗಿ ನೊರಿ ಬಂತಂದ್ರ ಇಳಸ್ರಿ. ಬೆರಳಿಗೆ ಅಂಟಿದ್ರ ಸಾಕು. ನಾ ಬಂದು ಕಟ್ತೇನಿ," ಎಂದು ಹೇಳಿ ಹೋದಳು.

ಬೆರಳಿಗೆ ಅಂಟಿದರೆ ಸಾಕಂತೆ! ಬೆರಳು ಯಾವ ಪ್ರಯೋಗಾಲಯದ ಉಪಕರಣ? ಕುದಿಸಿದಷ್ಟೂ ನೀರು ಹೋಗುತ್ತದೆ, ನೀರು ಹೋದಷ್ಟೂ ಬೆಲ್ಲ ಗಟ್ಟಿಯಾಗುತ್ತದೆ. ನಾನು ಉರಿ ಏರಿಸಿ ಪಾಕ ಕರಿಬಣ್ಣಕ್ಕೆ ತಿರುಗುವ ತನಕ ಕಾಯಿಸಿದೆ. ತುಪ್ಪದಲ್ಲಿ ಹುರಿದ ಮರದ ಅಂಟು, ಗೋಡಂಬಿ, ಉತ್ತತ್ತಿ, ಕೊಬ್ಬರಿ ಎಲ್ಲ ಸುರಿದು, ಕೈಗೆ ತುಪ್ಪ ಹಚ್ಚಿಕೊಂಡು, ಬಿಸಿ ತಾಳದೆ ಅಡುಗೆಮನೆ ತುಂಬ ಕುಣಿಯುತ್ತ ಉಂಡಿ ಕಟ್ಟಿದೆ. ಕಮ್ಮಾರ ಕಾಸಿದ ಕುಡುಗೋಲನ್ನು ತಟ್ಟನೆ ನೀರಿಗೆ ಅದ್ದುವುದು ಯಾಕೆ? ಗಡಸಾಗಲಿ ಎಂದು. ಅದಕ್ಕೇ ಬಿಸಿ ಉಂಡಿಗಳನ್ನು ಹಾಗೇ ಫ್ರಿಜ್ಜಿನ ಬರ್ಫದ ಖಾನೆಗೆ ತಳ್ಳಿದೆ. ತೆಗೆದಾಗ ಒಂದೊಂದೂ ಶಾಲಿಗ್ರಾಮದಂತೆ ಮಿನುಗುತ್ತಿತ್ತು.

ತಯಾರಾದ ವಸ್ತುವನ್ನು ಪರೀಕ್ಷಿಸದೆ ಹೊರಗೆ ಕಳಿಸುವ ಎಂಜಿನಿಯರ್ ನಾನಲ್ಲ. ಮಾಳಿಗೆ ಹತ್ತಿ ಒಂದನ್ನು ಅಂಗಳಕ್ಕೆ ಬಿಟ್ಟೆ. ಉಂಡಿಗೆ ಏನೂ ಆಗಲಿಲ್ಲ. ಅಂಗಳದ ಫರಸಿಕಲ್ಲಿನ ಮೂಲೆ ಹಾರಿಹೋಯಿತು. ಸಂತೋಷ ತಡೆಯದೆ ಇನ್ನೊಂದು ಬಿಟ್ಟೆ.

"ಯಾರ ಅದು ಕಲ್ಲ ಒಗ್ಯಾಕತ್ತಾವ್ರು?" ಎಂದು ಕೂಗುತ್ತ ಗೇಟಿನ ಬಳಿ ಕುಂಚಿಗಿಯನ್ನು ತಲೆಯ ಮೇಲೆ ಅಡ್ಡ ಹಿಡಿದು ಅನ್ನಪೂರ್ಣಾ ನಿಂತಿದ್ದಳು.

ವಿಷಯ ತಿಳಿದ ಮೇಲೆ ಅವಳು ಒಂದು ಉಂಡಿಯನ್ನು ಬಾಯಿಗಿಟ್ಟು, ಎಡಕ್ಕೆ ಕಡಿದು, ಬಲಕ್ಕೆ ಕಡಿದು, ಇಟ್ಟ ಹಾಗೆಯೇ ಹೊರಗೆ ತೆಗೆದಳು.

"ಕೂಸಿಗಿ ಹೆಂಗೂ ಹಲ್ಲಿಲ್ಲ. ಇದನ್ನ ತಿಂದ್ರ ಅದರ ಅವ್ವಗೂ ಇರೂದಿಲ್ಲ."

"ಗಡಸುತನ ಸ್ವಲ್ಪ ಹೆಚ್ಚಾಗೇತಿ. ಅದಕ್ಕೂ ಉಪಾಯ ಐತಿ. ಸಣ್ಣ ಉರಿಮ್ಯಾಲೆ ಮತ್ತ ಕಾಸಿದ್ರ ಮೆತ್ತಗ ಆಗತಾವ."

ಪುಸ್ತಕದಲ್ಲಿ ಹಾಗೇ ಇದೆ, ಆದರೆ ಪುಸ್ತಕ ಉಕ್ಕಿನ ಬಗ್ಗೆ ಬರೆದದ್ದು. ತುಪ್ಪ ಸವರಿದ ಬೋಗುಣಿಯಲ್ಲಿ ಎಲ್ಲ ಉಂಡಿಗಳನ್ನೂ ಹಾಕಿ ಕಾಸಿದೆ. ಅವು ಮೆತ್ತಗಾದವು. ಎಷ್ಟು ಮೆತ್ತಗೆಂದರೆ ಒಂದನ್ನೊಂದು ತಬ್ಬಿಕೊಂಡು ಏಕವಾದವು. ಆರಿದ ಮೇಲೆ ಬೋಗುಣಿ ಬೋರಲು ಹಾಕಿದಾಗ ದಪ್ಪನೆಯ, ದುಂಡನೆಯ ಒಂದೇ ಒಂದು ಮಹಾ ಉಂಡಿ ಹೊರಗೆ ಉರುಳಿತು. ಚಾಕು ಹಾಕಿದೆ, ಚಾಕು ಬಾಗಿತು. ಸುತ್ತಿಗೆಯಿಂದ ಹೊಡೆದೆ, ಸುತ್ತಿಗೆಯ ತಲೆ ಹಿಡಿಯಿಂದ ಕಳಚಿ ಪಾತ್ರೆಗಳ ಮೇಲೆ ಬಿತ್ತು. ಬರೀ ಬೆಲ್ಲವಾಗಿದ್ದರೆ ಗಾಜಿನಂತೆ ಒಡೆಯುತ್ತಿತ್ತು. ಒಳಗಿನ ಕೊಬ್ಬರಿ ಎಳೆಗಳು ಬಿರುಕನ್ನು ಮುಂದೆ ಹೋಗಗೊಡಲಿಲ್ಲ. ನನ್ನ ಸಿದ್ಧಾಂತ ಅಕ್ಷರಶಃ ನಿಜವಾಗಿತ್ತು, ಅದೇ ದುರಂತ.

"ಮನ್ಯಾಗ ಒಂದು ಗೋಡಂಬಿನೂ ಉಳಿದಿಲ್ರಿ," ಎಂದು ಅನ್ನಪೂರ್ಣಾ ಮೆಲ್ಲಗೆ ಹೇಳಿದಳು. "ನಾಳೆ ಆ ಮಂದಿ ಮುಂದ ನಾ ಮತ್ತ ಹೆಂಗ ನಿಂದರ್ಲಿ?" ಅವಳ ಕಣ್ಣು ತುಂಬಿತ್ತು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ, ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಪೇಟೆ ಮುಚ್ಚಿತ್ತು, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಾಗ ಇನ್ನೂ ತೆರೆದಿರಲಿಲ್ಲ. ಕರದಂಟಿಗೆ ಹೆಸರಾದ ಗೋಕಾಕದಿಂದ ಸಿಹಿಯಿಲ್ಲದೆ ಬೀಗರ ಮನೆಗೆ ಹೊರಟವರು ನಾವೇ ಮೊದಲಿಗರಿರಬೇಕು. ಬೇರೆ ದಾರಿ ಕಾಣದೆ ಮಹಾ ಉಂಡಿಯನ್ನೇ ಡಬ್ಬಿಯಲ್ಲಿಟ್ಟುಕೊಂಡೆವು. ದಾರಿಯುದ್ದಕ್ಕೂ ಅದು ಗುಡುಗುಡು ಉರುಳಿತು. ಒಂದು ಚೂರೂ ಉದುರಲಿಲ್ಲ.

ಹುಕ್ಕೇರಿಯ ಮನೆಯಲ್ಲಿ ಆಗಲೇ ಗದ್ದಲ ನಡೆದಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ರುಬ್ಬುವ ಗುಂಡಕಲ್ಲಿಗೆ ಕುಂಚಿಗಿ ತೊಡಿಸಿ, ಮಲಗಿಸಿ ತೂಗಬೇಕು. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂಬ ಪದ್ಧತಿ. ಆದರೆ ಹೊಸ ಅಡುಗೆಮನೆ ಕಟ್ಟುವಾಗ ಗವಂಡಿಯವರು ಆ ಮನೆಯ ಗುಂಡಕಲ್ಲನ್ನು ಪಾಯಕ್ಕೆ ಹಾಕಿಬಿಟ್ಟಿದ್ದರು. ಕಲ್ಲು ಇದ್ದ ಪಕ್ಕದ ಮನೆಗೆ ಬೀಗ.

"ಮಿಕ್ಸರ್ ಇಟ್ಟು ತೂಗ್ರಿ, ಈಗ ರುಬ್ಬೂದು ಅದ ಅಲ್ಲೇನು?" ಎಂದರು ಅರ್ಚನಾಳ ಮಾವ ರಾವಸಾಹೇಬರು.

"ನೀವು ಹೊರಗ ಕುಂದರ್ರಿ," ಎಂದು ಗಂಡನನ್ನು ಗದರಿದ ಕಾಶೆವ್ವನ ಕಣ್ಣು ನಮ್ಮ ಡಬ್ಬಿಯ ಮೇಲೆ ಬಿತ್ತು. ಮುಚ್ಚಳ ತೆಗೆದರು. ಬಗ್ಗಿ ನೋಡಿದರು. ಬೆರಳ ಗೆಣ್ಣಿನಿಂದ ಕುಟ್ಟಿದರು. ಟಕ್ ಎಂದಿತು. ಅನ್ನಪೂರ್ಣಾ ನೆಲ ನೋಡುತ್ತಿದ್ದಳು.

"ಅವ್ವಾರ, ಆಕೀದೇನೂ ತಪ್ಪಿಲ್ಲ. ನಾನ..." ಎಂದೆ.

"ಸರ್ರ, ಸುಮ್ನಿರ್ರಿ. ಅನ್ನಪೂರ್ಣಾ, ಆ ಕುಂಚಿಗಿ ತಾ ಇಲ್ಲೆ," ಎಂದರು ಕಾಶೆವ್ವ.

ನನ್ನ ವೈಜ್ಞಾನಿಕ ಸಾಧನೆ ಜರಿಯ ಅಂಚಿನ ಕುಂಚಿಗಿ ತೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ತೊಟ್ಟಿಲಲ್ಲಿ ಮಲಗಿತು. ಹೆಂಗಸರು ಜೋಗುಳ ಹಾಡಿ ತೂಗಿದರು. "ನಿಮ್ಮ ಮಾಮಾನ ಗುಂಡಿನಂಗ ಗಟ್ಟಿ ಆಗಪಾ," ಎಂದು ಕಾಶೆವ್ವ ಹರಸಿದಾಗ ಮನೆಯೆಲ್ಲ ನಕ್ಕಿತು. ಅನ್ನಪೂರ್ಣಾಳೂ ನಕ್ಕಳು. ನನಗೆ ಅಷ್ಟೇ ಬೇಕಾಗಿತ್ತು.

ಹೊರಡುವಾಗ ಕಾಶೆವ್ವ ನಮ್ಮ ಡಬ್ಬಿಯನ್ನು ತುಂಬಿ ತಂದರು. ನಮ್ಮ ಮೇಲೆ ಭರವಸೆಯಿಲ್ಲದೆ ಮೊದಲೇ ತಾವೇ ಉಂಡಿ ಕಟ್ಟಿಟ್ಟಿದ್ದರಂತೆ.

"ತವರಿನ ಡಬ್ಬಿ ಬರೇದ ಕಳಸಬಾರದು. ಮನಿಗಿ ಹೋಗಿ ನೋಡ್ರಿ, ಉಂಡಿ ಅಂದ್ರ ಹೆಂಗ ಕಟ್ಟಬೇಕಂತ."

ಅದೇ ರಸ್ತೆ, ಅವೇ ತಗ್ಗುಗಳು. ಗೋಕಾಕ ಹತ್ತಿರವಾದಾಗ ಅನ್ನಪೂರ್ಣಾ ಮುಚ್ಚಳ ತೆಗೆದಳು. ಒಳಗೆ ಒಂದೂ ಉಂಡಿ ಇರಲಿಲ್ಲ, ಡಬ್ಬಿಯ ಅಂಚಿನ ತನಕ ಪುಡಿ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದಳು. ಆಮೇಲೆ ಫೋನು ತೆಗೆದು ಹುಕ್ಕೇರಿಗೆ ಹಚ್ಚಿದಳು.

"ಅವ್ವಾರ, ಊರ ಸಮೀಪ ಬಂದ್ವಿ ನೋಡ್ರಿ. ನಿಮ್ಮ ಉಸುಕು ಭಾಳ ರುಚಿ ಐತ್ರಿ."

ಆ ಕಡೆಯಿಂದ ಕಾಶೆವ್ವನ ನಗು ನನಗೂ ಕೇಳಿಸಿತು. ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ.

"ಇದರಾಗ ಏನಾಗೇತಿ ಅಂದ್ರ, ಪಾಕದಾಗ ನೀರಿನ ಪ್ರಮಾಣ..."

ಅನ್ನಪೂರ್ಣಾ ಒಂದು ಹಿಡಿ ಪುಡಿಯನ್ನು ನನ್ನ ಬಾಯಿಗೆ ತುರುಕಿದಳು.

"ತಿನ್ರಿ. ಹಲ್ಲಿಗೆ ಏನೂ ಆಗೂದಿಲ್ಲ."