ಖಾನಾಪುರದ ಗೋಲಿನಲ್ಲಿ ಮಲಗುವ ಎಮ್ಮೆಯವರಿಗೆ

ಮಾನ್ಯ ಎಮ್ಮೆಯವರೇ,

...ರವಿವಾರದ ಪಂದ್ಯದ ಮಾತನ್ನೇ ನಿನ್ನೆಯೂ ತಮ್ಮೆದುರು ಕೂತು ಹೇಳುತ್ತಿದ್ದೆ, ತಾವು ಮೆಲುಕು ಹಾಕುತ್ತ ಅರ್ಧಕ್ಕೇ ಕಣ್ಣು ಮುಚ್ಚಿದಿರಿ. ಆದ್ದರಿಂದ ವಿತ್ ಡ್ಯೂ ರಿಸ್ಪೆಕ್ಟ್, ತಮ್ಮ ಕೊಂಬು, ಬಾಲ ಹಾಗೂ ಸಮಸ್ತ ನೊಣಪರಿವಾರದ ಕ್ಷೇಮವನ್ನು ಹಾರೈಸಿ, ಉಳಿದದ್ದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಫುಟ್‌ಬಾಲ್ ಲೀಗಿನ ತಳ ಬಿಟ್ಟು ಮೇಲೇಳದ ನಮ್ಮ ಖಾನಾಪುರ ಟೀಮು ಈ ಸಲ ಎರಡನೆಯ ಸ್ಥಾನಕ್ಕೆ ಏರಿದ್ದು ತಮ್ಮ ಕೃಪೆಯಿಂದ. ಮಧ್ಯಾಹ್ನವೇ ಬಂದು ತಾವು ಸ್ಟೇಶನ್ ಕಡೆಯ ಗೋಲಿನ ಬಾಯಲ್ಲಿ ಮಲಗುತ್ತೀರಿ. ಮೊದಲರ್ಧಕ್ಕೆ ಅದೇ ಗೋಲು ಬೇಕೆಂದು ಕ್ಯಾಪ್ಟನ್ ಉಜೈರ ಹಟ ಹಿಡಿಯುತ್ತಾನೆ, ಎದುರಾಳಿಗಳೂ ತಮ್ಮ ಸಗಣಿಗೆ ಹೆದರಿ ಬಿಟ್ಟುಕೊಡುತ್ತಾರೆ. ಆಮೇಲೆ ಅವರು ಹೊಡೆದದ್ದೆಲ್ಲ ತಮ್ಮ ಹೊಟ್ಟೆಗೆ ಬಡಿದು ವಾಪಸು. ತಾವು ಗೋಲುಗಂಬಕ್ಕೆ ಸಮಾನರೆಂದು ರೆಫರಿ ಶಶಿಧರ ಸಾಹೇಬರು ತೀರ್ಪನ್ನೇ ಕೊಟ್ಟಿದ್ದಾರೆ. ಇಂಟರ್ವಲ್ ಹೊತ್ತಿಗೆ ತಮ್ಮ ಒಡತಿ ಬಸವಣ್ಣೆವ್ವ ಹಾಲಿನ ಚರಗಿ ಬಡಿಯುತ್ತಾಳೆ, ತಾವು ಎದ್ದು ಹಿಂಡಿಸಿಕೊಳ್ಳಲು ಹೋಗುತ್ತೀರಿ, ಬದಿ ಬದಲಾಗಿ ಈಗ ಎದುರಾಳಿಗಳದಾದ ಆ ಖಾಲಿ ಗೋಲಿಗೆ ನಮ್ಮ ಗೌರೀಶ ಒಂದು ಬಾರಿಸುತ್ತಾನೆ. ಇಂಥ ಟ್ಯಾಕ್ಟಿಕ್ಸು ಯುರೋಪಿನಲ್ಲೂ ಇರಲಿಕ್ಕಿಲ್ಲ.

ಆದರೆ ಕಳೆದ ರವಿವಾರ ತಾವು ಏಳಲೇ ಇಲ್ಲ. ಗೌರೀಶ ಹೊಡೆದ ಚೆಂಡುಗಳನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಬೆನ್ನಿನಿಂದ ತಡೆದಿರಿ. "ಗಬ್ಬ ಐತ್ರೀ, ಹಾಲು ಬತ್ತೇತಿ, ಚರಗಿ ಯಾಕ ಬಡೀಲಿ? ನಿಮ್ಮ ಚೆಂಡಿನ ಸಲುವಾಗಿ ಅದಕ್ಕ ಬಡಿಗಿ ತೋರ್ಸಿದ್ರ ನೋಡ್ರಿ ಮತ್ತ!" ಎಂದು ಬಸವಣ್ಣೆವ್ವ ಇಡೀ ಮೈದಾನವನ್ನೇ ಗದರಿದಳು. ಅಭಿನಂದನೆಗಳು. ಮದರ್‌ಹುಡ್ ಈಸ್ ಎ ನೋಬಲ್ ಪ್ರೊಫೆಶನ್ ಎಂದೋ ಏನೋ ಕಾಲೇಜಿನಲ್ಲಿ ಓದಿದ್ದೆ, ಮುಂದಿನದು ಮರೆತಿದೆ. ಆದರೆ ಬರುವ ರವಿವಾರ ಬೆಳಗಾವಿಯ ಕ್ಯಾಂಪ್ ಟೀಮಿನೊಡನೆ ಕೊನೆಯ ಪಂದ್ಯ; ಗೆದ್ದರೆ ಕಪ್ಪು ನಮ್ಮದು, ಡ್ರಾ ಆದರೂ ಅವರದು. ಆದ್ದರಿಂದ ತಾವು ದಯಮಾಡಿ ಶನಿವಾರದೊಳಗೆ ಈಯಬೇಕು.

ಅದಾಗದಿದ್ದರೆ ಇನ್ನೊಂದು ವಿನಂತಿ. ನನ್ನ ಹೆಂಡತಿ ಕುಮುದಿನಿ ಬೆಳಗಾವಿಯಿಂದ ನನ್ನೊಡನೆ ಲೋಂಡಾ ರೈಲುಗಾಡಿ ಹಿಡಿದು ಪಂದ್ಯಕ್ಕೆ ಬರುತ್ತಿದ್ದಳು. ಸೋತು ಹಿಂದಿರುಗುವಾಗಲೆಲ್ಲ "ಮುಂದಿನ ವರ್ಷ ಕಪ್ಪು ನಮ್ದ ಐತಿ ತಗೋರಿ" ಎನ್ನುತ್ತಿದ್ದಳು. ಈಗ ಆಕೆಯಿಲ್ಲ, ಆಕೆ ಕೊನೆಯ ಸಲ ಹೇಳಿದ ಮುಂದಿನ ವರ್ಷ ಇದೇ. ರವಿವಾರ ಆಕೆಯ ಹಿತ್ತಾಳೆ ಚರಗಿ ತಂದು ಇಂಟರ್ವಲ್ಲಿನಲ್ಲಿ ನಾನೇ ಬಡಿಯುತ್ತೇನೆ. ನಾವು ಇಷ್ಟು ವರ್ಷ ನಂಬಿ ಮೋಸ ಹೋದಂತೆ, ತಾವೂ ಒಮ್ಮೆ ದೊಡ್ಡ ಮನಸ್ಸು ಮಾಡಿ ಮೋಸ ಹೋಗಬೇಕು.

ಬೆಳಕು ಹೋಗುತ್ತಿದೆ, ತಾವೆಲ್ಲಿ, ಗೋಲೆಲ್ಲಿ ಎಂದು ಇಲ್ಲಿಂದ ತಿಳಿಯುತ್ತಿಲ್ಲ. ನಿಲ್ಲಿಸುತ್ತೇನೆ.

ಒದೆ ತಾಗದಷ್ಟು ದೂರದಲ್ಲಿ ಕುಳಿತಿರುವ
ತಮ್ಮ ವಿಶ್ವಾಸಿ,
ಮಾರ್ತಾಂಡ ಕಡೋಲಕರ

ತಾ.ಕ.: ಇಂದು ಕ್ಯಾಂಪ್ ಟೀಮಿನ ಕೋಚು ತಮಗೆ ಹಸಿ ಮೇವು ತಿನ್ನಿಸಿ ಹಣೆ ಸವರಿ ಹೋದದ್ದನ್ನು ನೋಡಿದ್ದೇನೆ. ತಿಂದದ್ದಕ್ಕೆ ಬೇಜಾರಿಲ್ಲ. ಆದರೆ ತಿಂದು, ಕುಳಿತಲ್ಲಿಂದ ಏಳದಿರುವುದು ನಮ್ಮ ಲೀಗ್ ಕಮಿಟಿಯವರ ಪದ್ಧತಿ. ತಾವು ಅದನ್ನು ಕಲಿಯಬೇಡಿ.