‘ಹೋ’ ಅಂದರೆ ನಿಲ್ಲದ ವಿಮಾನ

ಕೋಪಕ್ಕೂ ಒಂದು ಯೋಗ್ಯತೆ ಬೇಕು. ಸಾಹೇಬರ ಮೇಲೋ ಬೀಗರ ಮೇಲೋ ಕೋಪ ಮಾಡಿಕೊಂಡವರನ್ನು ಜನ ಗೌರವದಿಂದ ನೋಡುತ್ತಾರೆ. ನನಗೆ ಕೋಪ ಬಂದಿರುವುದು ನಮ್ಮ ಮನೆಯ ಎರಡು ಎತ್ತುಗಳ ಮೇಲೆ. ಹದಿನೆಂಟು ತುಂಬಿದ, ಇಡೀ ಅಜ್ಜಂಪುರದಲ್ಲೇ ವಿಮಾನ ಹತ್ತಿದ ಒಬ್ಬನೇ ಒಬ್ಬನಾದ ನನ್ನ ಮಾನವನ್ನು ಆ ಬಸವ, ಆ ಕೆಂಚ ಸೇರಿ ಕಳೆದ ಬಗೆ ಕೇಳಿದರೆ ನಿಮಗೂ ಮೈ ಉರಿದೀತು.

ಆರನೇ ವಯಸ್ಸಿಗೇ ಗಾಡಿ ಹೊಡೆದವನು ನಾನು. ಹಗ್ಗ ಹಿಂದಕ್ಕೆ ಜಗ್ಗಿ ‘ಹೋ’ ಅಂದರೆ ಎತ್ತು ನಿಲ್ಲಬೇಕು. ಇದು ನನ್ನ ಮೈಗೆ ಹತ್ತಿದ ವಿದ್ಯೆ. ಯುದ್ಧದ ಕಾಲ ಬಂತು. ಕಡೂರಿನಾಚೆ ಕುರಿ ಮೇಯುವ ಬಯಲಿನಲ್ಲಿ ಹಾರಾಟ ಕಲಿಸುವ ಶಾಲೆ ತೆರೆಯಿತು. ನಾಲ್ಕು ಮಾತು ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಸೇರಿಸಿಕೊಂಡರು. ಮೊದಲ ದಿನ ಮೇಷ್ಟ್ರು ಶಾಮರಾಯರು ವಿಮಾನದ ಮುಂದಿನ ಸೀಟಿನಲ್ಲಿ ಕೂತು, ನನ್ನನ್ನು ಹಿಂದೆ ಕೂರಿಸಿ ಹೇಳಿದ್ದು ಇಷ್ಟೇ: "ತೆಪ್ಪಗೆ ಕೂತ್ಕೋ. ಏನೂ ಮುಟ್ಬೇಡ." ನನ್ನಂಥವನಿಗೆ!

ಹಾರುವುದರಲ್ಲಿ ನನ್ನನ್ನು ಹದ್ದುಗಳೇ ಹೊಗಳುತ್ತಿದ್ದವು. ತೊಂದರೆಯೆಲ್ಲ ಇಳಿಯುವಾಗ. ಮಂಡಿಗಳ ನಡುವೆ ಒಂದು ಕೋಲು ಇರುತ್ತದೆ. ಅದನ್ನು ಹಿಂದಕ್ಕೆ ಜಗ್ಗಿದರೆ ವಿಮಾನ ನಿಲ್ಲುವುದಿಲ್ಲ, ಮೂತಿ ಎತ್ತಿಕೊಂಡು ಮೇಲಕ್ಕೆ ಹೋಗುತ್ತದೆ! ಇಂಥ ತಲೆಕೆಳಗಾದ ಯಂತ್ರ ಮಾಡಿದವನು ಜನ್ಮದಲ್ಲಿ ಗಾಡಿ ಹೊಡೆದವನಲ್ಲ. ನೆಲ ಹತ್ತಿರ ಬಂತೆಂದರೆ ನನ್ನ ಕೈ ತಾನಾಗಿ ಕೋಲು ಜಗ್ಗುವುದು, ಬಾಯಿ ತಾನಾಗಿ ‘ಹೋ’ ಎನ್ನುವುದು, ವಿಮಾನ ತೆಂಗಿನ ಮರದೆತ್ತರ ನೆಗೆದು ದೊಪ್ಪನೆ ಬೀಳುವುದು. ಒಂದು ಸಲ ಇಳಿಯುವಷ್ಟರಲ್ಲಿ ಏಳು ಸಲ ಇಳಿದಿರುತ್ತಿದ್ದೆ. ಬೇರೆ ಹುಡುಗರ ವಿಮಾನಕ್ಕೆ ಅಲುಗದ ಕುರಿಗಳು ನನ್ನದು ಕಂಡೊಡನೆ ಯಗಟಿಯ ದಾರಿ ಹಿಡಿಯುತ್ತಿದ್ದವು.

ಕೊನೆಗೊಂದು ಬೆಳಿಗ್ಗೆ ಮೇಷ್ಟ್ರು, "ಇವತ್ತು ಮೂರು ಸಲ ಇಳಿಸು. ಒಂದಾದ್ರೂ ನೆಟ್ಟಗಿದ್ರೆ ಒಬ್ಬನೇ ಹಾರು. ಇಲ್ದಿದ್ರೆ ಗಂಟು ಕಟ್ಟು, ಮನೆಗೆ ಹೋಗು" ಅಂದರು. ಯಾವ ಮುಖ ಹೊತ್ತು ಮನೆಗೆ ಹೋಗಲಿ? ನಾನಾಗಲೇ ಒಬ್ಬನೇ ಹಾರುತ್ತಿದ್ದೇನೆ, ತರೀಕೆರೆಯ ಮೇಲೆ ಹೋಗುವಾಗ ಅಮಲ್ದಾರರು ಪೇಟ ತೆಗೆದು ಬೀಸುತ್ತಾರೆ ಎಂದು ಊರಿಗೆಲ್ಲ ಕಾಗದ ಬರೆದಾಗಿತ್ತು.

ಮೊದಲನೆಯದು ಐದು ನೆಗೆತ. ಎರಡನೆಯದೂ ಹಾಗೇ ಆದಾಗ ಎರಡು ಸೀಟುಗಳ ನಡುವಿನ ಮಾತಿನ ಕೊಳವೆಯಲ್ಲಿ ಮೇಷ್ಟ್ರು ಗುಡುಗಿದರು:

"ಯಾರಿಗೋ ಅದು ಹೋ ಹೋ ಅಂತಿರೋದು?"

"ಬಸವಂಗೆ ಸಾರ್."

"ಬಸವ ಯಾರೋ?"

"ನಮ್ಮನೆ ಎಡಗಡೆ ಎತ್ತು ಸಾರ್."

"ಲೋ ಬೃಹಸ್ಪತಿ, ಇದಕ್ಕೆ ಮೂಗುದಾರ ಇಲ್ಲ ಕಣೋ! ಎರಡು ಬೆರಳಲ್ಲಿ ಹಿಡಿ. ಜಗ್ಗಬೇಡ!"

ಬೃಹಸ್ಪತಿ ಅಂದದ್ದಕ್ಕೆ ನನಗೆ ಬಂದ ಸಿಟ್ಟಿಗೆ ಸುತ್ತಲಿನ ಗಾಳಿಯೇ ಬಿಸಿಯಾಯಿತು. ಮೂರನೆಯ ಸಲ, ‘ಬೇಕಾದರೆ ಇಳಿ, ಬೇಡವಾದರೆ ಸಾಯಿ’ ಎಂದು ವಿಮಾನವನ್ನು ಬೈದು, ಹಲ್ಲು ಕಚ್ಚಿ, ಕೋಲನ್ನು ಎರಡೇ ಬೆರಳಲ್ಲಿ ಹಿಡಿದೆ. ಹಾಲಿನ ಮೇಲೆ ಕೆನೆ ಕೂತ ಹಾಗೆ ಅದು ಬಯಲಿನ ಮೇಲೆ ಕೂತಿತು. ಮೇಷ್ಟ್ರು ಕೆಳಗಿಳಿದು, "ಹೋಗಿ ಬಾ" ಅಂದರು. ಒಬ್ಬನೇ ಹಾರಿದೆ, ಒಬ್ಬನೇ ಇಳಿದೆ. ಇದಿಷ್ಟು ಮಾತ್ರ ಸುಳ್ಳಲ್ಲ.

ಮಾರನೆಯ ದಿನ ರಜೆ ಕೇಳಿ ಊರಿಗೆ ಹೊರಟೆ. ಅಜ್ಜಂಪುರ ಸ್ಟೇಷನ್ನಿಗೆ ಅಪ್ಪ ಗಾಡಿ ತಂದಿದ್ದ. "ಅಪ್ಪ, ನೀನು ಹಿಂದೆ ಕೂತ್ಕ, ನಾನು ಹೊಡೀತೀನಿ" ಅಂದೆ. ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಮನೆ ಬಂತು. ಹಗ್ಗವನ್ನು ಎರಡೇ ಬೆರಳಲ್ಲಿ ಹಿಡಿದು, ಜಗ್ಗದೆ, ‘ಹೋ’ ಎನ್ನದೆ, ಠೀವಿಯಿಂದ ಕಾದೆ. ಬಸವನೂ ಕೆಂಚನೂ ಮನೆ ದಾಟಿ, ಹಿತ್ತಿಲಿಗೆ ತಿರುಗಿ, ಹುಲ್ಲಿನ ಮೆದೆಗೆ ನುಗ್ಗಿ, ಅಲ್ಲೇ ನಿಂತು ಮೇಯತೊಡಗಿದವು.

ಹುಲ್ಲಿನೊಳಗಿಂದ ಅಪ್ಪನ ತಲೆ ಹೊರಬಂತು. "ಏನಪ್ಪಾ, ಎರಡೆತ್ತು ನಿಲ್ಸಕ್ಕೆ ಬರಲ್ಲ, ಇಮಾನ ನಿಲ್ಲುಸ್ತಾನಂತೆ! ಹಗ್ಗ ಯಾಕ್ಲಾ ಜಗ್ಗಲಿಲ್ಲ?"

"ಮೇಷ್ಟ್ರು ಜಗ್ಗಬ್ಯಾಡ ಅಂದವ್ರೆ."

ಬೀದಿ ನಕ್ಕ ನಗು ಬೀರೂರಿಗೂ ಕೇಳಿಸಿರಬೇಕು.

ಸಂಜೆ ರೈಲಿಗೆ ಹೊರಟಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಹಗ್ಗಕ್ಕೆ ಕೈ ಹಾಕಲು ಹೋದೆ. ಅಪ್ಪ ಮೈಮೇಲೆ ಇನ್ನೂ ಉಳಿದಿದ್ದ ಹುಲ್ಲು ಒದರಿಕೊಳ್ಳುತ್ತಾ, ನನ್ನ ಮುಖವನ್ನೂ ನೋಡದೆ ಹೇಳಿದ: "ತೆಪ್ಪಗೆ ಹಿಂದೆ ಕೂತ್ಕ. ಏನೂ ಮುಟ್ಬ್ಯಾಡ."

ಆಕಾಶದಲ್ಲಿ ಒಬ್ಬನೇ ಓಡಾಡಿದವನು ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತೆ. ಸ್ಟೇಷನ್ ಬಂತು. ಅಪ್ಪ ‘ಹೋ’ ಅಂದ, ಬಸವ ನಿಂತ. ನೋಡಿಕೊಂಡರೆ, ನನ್ನ ಎರಡೂ ಕೈ ಬರಿಯ ಗಾಳಿಯನ್ನು ಎದೆಯವರೆಗೆ ಜಗ್ಗಿ ಹಿಡಿದಿದ್ದವು. ನಾಳೆ ಬೆಳಿಗ್ಗೆ ಮತ್ತೆ ಹಾರಾಟವಿದೆ. ಯಾರಾದರೂ ಆ ಕುರಿಗಳಿಗೊಂದು ಮಾತು ಹೇಳಿಕಳಿಸುವುದು ಒಳ್ಳೆಯದು.